ಕೂದಲುರುಲು: ಶಿಶುಗಳ ಮೂತ್ರಾಂಗಕ್ಕೆ ಒದಗುವ ಒಂದು ವಿಪತ್ತು ಮತ್ತು ಅದರ ನಾಮವಿಚಾರ

ಶಿಶುವಿನ ಕಾಲ್ಬೆರಳನ್ನೋ ಕೈಬೆರಳನ್ನೋ ಗುಹ್ಯಾಂಗವನ್ನೋ ತಲೆಗೂದಲಿನ ಎಳೆಯೊಂದು ಸುತ್ತಿಕೊಂಡು, ಬಿಗಿದು, ರಕ್ತಸಂಚಾರವನ್ನು ತಡೆದು, ಕಡೆಗೆ ಆ ಅಂಗವನ್ನೇ ಕೊರೆದುಬಿಡುವ ವಿಪತ್ತೊಂದುಂಟು. ಕೇಳಿದವರು ಮೊದಲು ಇದನ್ನು ನಂಬುವುದಿಲ್ಲ. ಆದರೆ ಇದು ಶಸ್ತ್ರವೈದ್ಯರು ಕಣ್ಣಾರೆ ಕಂಡು ಬರೆದಿಟ್ಟ ಸಂಗತಿ. ಎರಡು ಶತಮಾನಗಳ ಹಿಂದಿನಿಂದಲೂ ವೈದ್ಯಪತ್ರಿಕೆಗಳಲ್ಲಿ ಇದರ ಪ್ರಸ್ತಾಪವಿದೆ. ಗಂಡುಮಗುವಿನ ಶಿಶ್ನಕ್ಕೆ ಇದು ಒದಗಿದಾಗ ಮೂತ್ರಮಾರ್ಗವೇ ಕಡಿದುಹೋಗುವ ಭಯವಿರುವುದರಿಂದ, ಮೂತ್ರಾಂಗಗಳ ಚಿಕಿತ್ಸಕರು ಇದನ್ನು ತಡಮಾಡಲಾಗದ ಆಪತ್ತುಗಳ ಪಂಕ್ತಿಯಲ್ಲಿ ಸೇರಿಸಿದ್ದಾರೆ. ಈ ವಿಪತ್ತಿನ ಸ್ವರೂಪವೇನು, ನಮ್ಮ ಪ್ರಾಚೀನ ಶಲ್ಯತಂತ್ರದಲ್ಲಿ ಇದಕ್ಕೆ ಹೆಸರುಂಟೇ, ಇಲ್ಲದಿದ್ದರೆ ಕನ್ನಡದಲ್ಲಿ ಇದನ್ನು ಏನೆಂದು ಕರೆಯತಕ್ಕದ್ದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇನೆ.

ವೈದ್ಯವಿಷಯವು ಈ ಪತ್ರಿಕೆಗೆ ಏಕೆ ಎಂದು ವಾಚಕರು ಕೇಳಬಹುದು. ಜನರಿಗೆ ತಿಳಿವಳಿಕೆ ನೀಡಲು ಪುಸ್ತಿಕೆಯೊಂದನ್ನು ಬರೆಯುತ್ತಿದ್ದ ವೈದ್ಯಮಿತ್ರರೊಬ್ಬರು, ಈ ರೋಗಕ್ಕೆ ಸುಶ್ರುತನು ಹೇಳಿರುವ ‘ಪರಿವರ್ತಿಕಾ’ ಎಂಬ ಹೆಸರನ್ನೇ ಇಟ್ಟರೆ ಸಾಲದೇ ಎಂದು ನನ್ನನ್ನು ಕೇಳಿದರು. ಸಂಸ್ಕೃತದ ಹೆಸರು ದೊರೆತರೆ ಸಾಕು, ವಿಷಯವು ಶಾಸ್ತ್ರೀಯವಾಯಿತೆಂದು ಭಾವಿಸುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ಆದರೆ ಈ ಸಂದರ್ಭದಲ್ಲಿ ಆ ಹೆಸರು ಸಾಲದು. ಸಾಲದು ಮಾತ್ರವಲ್ಲ, ಹಾನಿಕರವೂ ಆದೀತು. ಹೇಗೆಂಬುದನ್ನು ತೋರಿಸಲು ಮೊದಲು ರೋಗದ ಸ್ವರೂಪವನ್ನು ಹೇಳಬೇಕು.

ಲಂಡನ್ನಿನ ‘ಲಾನ್ಸೆಟ್’ ಪತ್ರಿಕೆಯಲ್ಲಿ ೧೮೩೨ರಷ್ಟು ಹಿಂದೆಯೇ ಶಿಶ್ನವು ಬಿಗಿಯಲ್ಪಟ್ಟ ಪ್ರಸಂಗವೊಂದು ಪ್ರಕಟವಾಯಿತು. ೧೯೬೫ರಲ್ಲಿ ಅಮೆರಿಕದ ವೈದ್ಯರು ಕೂದಲು ಸುತ್ತಿಕೊಂಡು ಅಂಗವು ಕಂಠಹಿಸುಕಿದಂತಾಗುವ ಪ್ರಸಂಗಗಳನ್ನು ವಿಚಾರಿಸಿ ಬರೆದರು. ೧೯೮೮ರಿಂದ ಈಚೆಗೆ ಕೂದಲು ಮತ್ತು ನೂಲು ಎರಡನ್ನೂ ಸೇರಿಸಿ ಇದಕ್ಕೆ ಒಂದೇ ಹೆಸರು ಬಳಕೆಯಲ್ಲಿದೆ. ಇವರೆಲ್ಲರ ಅನುಭವದಿಂದ ತಿಳಿಯಬರುವುದೇನೆಂದರೆ: ಕೈಬೆರಳಿಗೆ ಈ ವಿಪತ್ತು ಹುಟ್ಟಿದ ಮೊದಲ ವಾರಗಳಲ್ಲಿಯೂ, ಕಾಲ್ಬೆರಳಿಗೆ ನಾಲ್ಕನೆಯ ತಿಂಗಳ ಆಸುಪಾಸಿನಲ್ಲಿಯೂ, ಶಿಶ್ನಕ್ಕೆ ಅದಕ್ಕಿಂತ ತಡವಾಗಿ, ಎರಡು ವರ್ಷದ ಸುಮಾರಿನಲ್ಲಿಯೂ ಹೆಚ್ಚಾಗಿ ಕಾಣುತ್ತದೆ. ಕೈಬೆರಳಿಗೆ ಬಹುಮಟ್ಟಿಗೆ ಕೈಗವಸಿನಿಂದ ಬಿಚ್ಚಿಕೊಂಡ ನೂಲು ಕಾರಣ. ಕಾಲ್ಬೆರಳಿಗೂ ಗುಹ್ಯಾಂಗಕ್ಕೂ ಬಹುಮಟ್ಟಿಗೆ ಕೂದಲೇ ಕಾರಣ. ಹೆಣ್ಣುಮಕ್ಕಳಿಗೂ ಇದು ತಪ್ಪಿದ್ದಲ್ಲ. ಅವರ ಗುಹ್ಯಾಂಗದ ಎಸಳುಗಳನ್ನು ಕೂದಲು ಬಿಗಿದ ಪ್ರಸಂಗಗಳೂ ದಾಖಲಾಗಿವೆ.

ಆ ಕೂದಲು ಬರುವುದು ಸಾಮಾನ್ಯವಾಗಿ ತಾಯಿಯ ತಲೆಯಿಂದ. ಗರ್ಭಿಣಿಯಾಗಿರುವಾಗ ಸ್ತ್ರೀಯ ಕೂದಲು ಎಂದಿನಷ್ಟು ಉದುರದೆ ನಿಂತಿರುತ್ತದೆ. ಹೆರಿಗೆಯಾದ ಎರಡು ಮೂರು ತಿಂಗಳ ಮೇಲೆ, ತಡೆದು ನಿಂತದ್ದೆಲ್ಲ ಒಟ್ಟಾಗಿ ಉದುರತೊಡಗುತ್ತದೆ. ಮಗು ತಾಯಿಯ ಮುಖವನ್ನು ಗುರುತಿಸಿ ನಗಲು ಕಲಿತರೆ ತಾಯಿಯ ಕೂದಲು ಉದುರುವುದೆಂದು ನಮ್ಮ ಮನೆಗಳ ಹಿರಿಯ ಹೆಂಗಸರು ಹೇಳುವುದನ್ನು ಕೇಳಿದ್ದೇನೆ. ಕಾರ್ಯಕಾರಣಸಂಬಂಧವನ್ನು ಅವರು ತಪ್ಪಾಗಿ ಕಲ್ಪಿಸಿದ್ದರೂ ಕಾಲನಿರ್ಣಯದಲ್ಲಿ ತಪ್ಪಿಲ್ಲ. ಹೀಗೆ ಉದುರಿದ ಉದ್ದಗೂದಲು ಹಾಸಿಗೆಯಲ್ಲಿ, ತೊಟ್ಟಿಲಬಟ್ಟೆಯಲ್ಲಿ, ಕಾಲುಚೀಲದ ಒಳಗೆ, ಲಂಗೋಟಿಯಲ್ಲಿ ಅಥವಾ ಈಗಿನ ಡಯಾಪರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಕಾಲು ಬಡಿಯುವುದೇ ಶಿಶುವಿನ ಕೆಲಸ. ಆ ಬಡಿತದಲ್ಲಿ ಎಳೆಯು ಒಂದು ಸುತ್ತು, ಎರಡು ಸುತ್ತು, ಹಲವು ಸುತ್ತು ಬೀಳುತ್ತದೆ. ಯಾರೂ ಕಟ್ಟಬೇಕಾಗಿಲ್ಲ. ಬೇಕೆಂದೇ ಕಟ್ಟಿದ ಪ್ರಸಂಗಗಳೂ ಇಲ್ಲವೆಂದಲ್ಲ. ನಿದ್ದೆಯಲ್ಲಿ ಮೂತ್ರ ಹೋಗುವುದನ್ನು ತಡೆಯಲೆಂದು ದಾರ ಕಟ್ಟಿದ ಮೌಢ್ಯವನ್ನೂ ವೈದ್ಯರು ಬರೆದಿದ್ದಾರೆ. ಆದರೆ ಬಹುಪಾಲು ಪ್ರಸಂಗಗಳಲ್ಲಿ ಇದು ಕೇವಲ ಆಕಸ್ಮಿಕ. ಅಂಗದ ಸುತ್ತಲೂ ಕೊಯ್ದಂತಿರುವ ಗಾಯವನ್ನು ಕಂಡ ಕೂಡಲೇ ತಾಯಿತಂದೆಗಳನ್ನು ಸಂಶಯಿಸುವುದು ನ್ಯಾಯವಲ್ಲ. ಸಂಶಯವೇ ಬೇಡವೆಂದೂ ಅಲ್ಲ. ಮೊದಲು ಎಳೆಯನ್ನು ಹುಡುಕಬೇಕು.

ಇಷ್ಟು ಸೂಕ್ಷ್ಮವಾದ ಎಳೆಗೆ ಇಷ್ಟು ಬಲವೆಲ್ಲಿಯದು? ತಲೆಗೂದಲಿನ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ಅಪರೂಪವಾಗಿ ಮೀರುತ್ತದೆ. ಸುಶ್ರುತನು ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಸ್ತ್ರಗಳ ಧಾರೆಗೆ ಅಳತೆ ಹೇಳುವಾಗ, ಚುಚ್ಚುವ ಶಸ್ತ್ರಗಳ ಧಾರೆ ಕೂದಲಿನಷ್ಟು, ಕಡಿಯುವ ಶಸ್ತ್ರಗಳ ಧಾರೆ ಅರ್ಧ ಕೂದಲಿನಷ್ಟು ತೆಳುವಾಗಿರಬೇಕೆಂದು ವಿಧಿಸಿದ್ದಾನೆ. ಎಂದರೆ, ಕೂದಲೆಂಬುದು ಆಚಾರ್ಯನ ದೃಷ್ಟಿಯಲ್ಲಿ ಧಾರೆಯ ಮಾನದಂಡ. ಆ ಮಾನದಂಡವೇ ಉರುಲಾಗಿ ಎಳೆಗೂಸಿನ ಮಾಂಸವನ್ನು ಸುತ್ತಿದರೆ ಅದು ಕಬ್ಬಿಣವಿಲ್ಲದ ಶಸ್ತ್ರವೇ ಸರಿ. ಇದಲ್ಲದೆ ಕೂದಲಿಗೆ ಇನ್ನೊಂದು ಗುಣವುಂಟು. ತೇವದಲ್ಲಿ ಅದು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಜಿನೀವಾದ ಸೊಸ್ಸ್ಯೂರ್ ಎಂಬ ವಿಜ್ಞಾನಿ ೧೭೮೩ರಲ್ಲಿ ಈ ಗುಣವನ್ನೇ ಆಧರಿಸಿ ಗಾಳಿಯ ತೇವವನ್ನು ಅಳೆಯುವ ಯಂತ್ರವನ್ನು ವಿವರಿಸಿದನು. ಬರಿಯ ಒಂದು ಕೂದಲು ಅದರ ಜೀವಾಳ. ಪೂರ್ಣ ಒಣಗಿದ ಸ್ಥಿತಿಯಿಂದ ಪೂರ್ಣ ತೇವದ ಸ್ಥಿತಿಗೆ ಹೋದಾಗ ಅದರ ಉದ್ದದಲ್ಲಿ ಆಗುವ ವೃದ್ಧಿ ಶೇಕಡಾ ಎರಡರಷ್ಟೇ. ಯಂತ್ರದ ಮುಳ್ಳನ್ನು ತಿರುಗಿಸಲು ಅದು ಸಾಕು. ಮಗುವಿನ ಅಂಗವನ್ನು ಬಿಗಿಯಲೂ ಸಾಕು: ಮೂತ್ರದಿಂದಲೋ ಸ್ನಾನದಿಂದಲೋ ನೆನೆದ ಕೂದಲು ಸಡಿಲವಾಗಿ ಸುತ್ತಿಕೊಂಡು, ಒಣಗುವಾಗ ಬಿಗಿಯುತ್ತದೆ. ನಾವು ಹಗ್ಗದ ಮಂಚವನ್ನು ನೀರು ಚಿಮುಕಿಸಿ ಬಿಗಿಗೊಳಿಸುವುದಕ್ಕೆ ಇದು ಸರಿಯಾಗಿ ವಿಪರೀತವಾದ ಕ್ರಮ. ನೂಲಿನ ಸ್ವಭಾವ ಬೇರೆ, ಕೂದಲಿನ ಸ್ವಭಾವ ಬೇರೆ.

ಬಿಗಿದ ಮೇಲೆ ಒಳಗೆ ಏನಾಗುತ್ತದೆ? ಚರ್ಮದ ಹತ್ತಿರದಲ್ಲಿ ಇರುವ ರಸವಾಹಿನಿಗಳೂ ಸಿರೆಗಳೂ ತೆಳುಗೋಡೆಯವು. ಧಮನಿಗಳು ಗಟ್ಟಿಗೋಡೆಯವು, ಆಳದಲ್ಲಿರತಕ್ಕವು. ಆದುದರಿಂದ ಅಲ್ಪ ಬಿಗಿತಕ್ಕೆ ಹಿಂದಿರುಗುವ ದಾರಿ ಮುಚ್ಚುತ್ತದೆ, ಬರುವ ದಾರಿ ತೆರೆದಿರುತ್ತದೆ. ರಕ್ತವು ಒಳಕ್ಕೆ ಬರುತ್ತಲೇ ಇರುವುದರಿಂದ ಉರುಲಿನ ಮುಂದಿನ ಭಾಗವು ಊದಿಕೊಳ್ಳುತ್ತದೆ. ಊದಿದಷ್ಟೂ ಉರುಲು ಮಾಂಸದೊಳಕ್ಕೆ ಇಳಿಯುತ್ತದೆ. ಇಳಿದಷ್ಟೂ ಊತ ಹೆಚ್ಚುತ್ತದೆ. ಕಡೆಗೆ ಧಮನಿಯೂ ಮುಚ್ಚಿದರೆ ಮುಂದಿನ ಭಾಗವು ಕಪ್ಪಾಗಿ ಸಾಯುತ್ತದೆ. ಈ ಕ್ರಮದ ಮೊದಲ ಅರ್ಧವು ನಮ್ಮ ಆಚಾರ್ಯರಿಗೆ ಚೆನ್ನಾಗಿ ತಿಳಿದಿತ್ತು. ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸಿರೆಯನ್ನು ಚುಚ್ಚುವ ಮುನ್ನ ಪಟ್ಟಿಯಿಂದ ಬಿಗಿದು ಅದನ್ನು ಎಬ್ಬಿಸಬೇಕೆಂಬ ವಿಧಿಯಿದೆ. ಬಿಗಿದರೆ ಸಿರೆ ಉಬ್ಬುತ್ತದೆ ಎಂಬ ಪ್ರತ್ಯಕ್ಷಾನುಭವವಿಲ್ಲದೆ ಇಂಥ ವಿಧಿ ಹುಟ್ಟಲಾರದು. ವ್ರಣಕ್ಕೆ ಪಟ್ಟಿ ಕಟ್ಟುವ ಕ್ರಮವನ್ನು ಹೇಳುವ ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯ ಇನ್ನೂ ಹತ್ತಿರದ್ದು. ಅಲ್ಲಿ ಬಂಧವು ಗಾಢ, ಸಮ, ಶಿಥಿಲ ಎಂದು ಮೂರು ತೆರ. ತೊಡೆ, ತಲೆ ಮೊದಲಾದ ಕಡೆ ಗಾಢಬಂಧ. ಕಣ್ಣು ಮತ್ತು ಸಂಧಿಗಳಲ್ಲಿ ಶಿಥಿಲಬಂಧ. ಮೇಢ್ರವೂ ಮುಷ್ಕವೂ ಸಮಬಂಧದ ಸ್ಥಾನಗಳು. ಸಮವಾಗಿಯೋ ಶಿಥಿಲವಾಗಿಯೋ ಕಟ್ಟಬೇಕಾದಲ್ಲಿ ಗಾಢವಾಗಿ ಕಟ್ಟಿದರೆ ಔಷಧವು ವ್ಯರ್ಥವಾಗಿ ಊತವೂ ವೇದನೆಯೂ ಹುಟ್ಟುತ್ತವೆಂದು ಅಲ್ಲಿಯೇ ಎಚ್ಚರಿಕೆ ಹೇಳಲ್ಪಟ್ಟಿದೆ. ಮೇಢ್ರವನ್ನು ಬಿಗಿಯಾಗಿ ಕಟ್ಟಕೂಡದೆಂಬ ನಿಷೇಧಕ್ಕೂ ಕಟ್ಟಿದರೆ ಆಗುವ ಫಲಕ್ಕೂ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಾಗಿಲ್ಲ.

ಶಿಶ್ನದಲ್ಲಿ ಈ ಉರುಲು ವಿಶೇಷವಾಗಿ ಘೋರವಾಗುವುದು ಅದರ ಶಾರೀರರಚನೆಯಿಂದ. ಮೇಲ್ಭಾಗದಲ್ಲಿ ಎರಡು ಗಟ್ಟಿಯಾದ ಕಂಬಗಳು ಜೋಡಿಯಾಗಿ ನಿಂತಿವೆ. ಅವುಗಳ ಮೇಲೆ ನಡುವಿನಲ್ಲಿ ನರಗಳೂ ಧಮನಿಗಳೂ ಸಾಗುತ್ತವೆ. ಕೆಳಭಾಗದಲ್ಲಿ ಸ್ಪಂಜಿನಂತೆ ಮೃದುವಾದ ಮೂರನೆಯ ಕಂಬ, ಅದರೊಳಗೆ ಮೂತ್ರನಾಳ. ಎಳೆಯು ಸುತ್ತಲೂ ಒಂದೇ ಸಮನಾಗಿ ಒತ್ತಿದರೂ, ಕೆಳಗಿನ ಮೃದುಭಾಗ ಮೊದಲು ಸೋಲುತ್ತದೆ. ಅಲ್ಲಿ ಚರ್ಮಕ್ಕೂ ಮೂತ್ರನಾಳಕ್ಕೂ ನಡುವಿನ ಅಂತರ ಬಹು ಸ್ವಲ್ಪ. ಆದುದರಿಂದ ಮೇಲ್ಗಡೆ ಗಾಯವು ಅಲ್ಪವಾಗಿ ಕಾಣುತ್ತಿರುವಾಗಲೇ ಕೆಳಗಡೆ ಮೂತ್ರನಾಳಕ್ಕೆ ತೂತು ಬಿದ್ದಿರಬಹುದು. ಮೂತ್ರವು ತುದಿಯಿಂದ ಬರದೆ ನಡುವಿನಿಂದ ಸೋರಬಹುದು. ಇನ್ನೂ ಕಾಲ ಕಳೆದರೆ ನಾಳವು ಪೂರ್ಣವಾಗಿ ಕಡಿದು ಎರಡಾಗುತ್ತದೆ. ಗಟ್ಟಿಕಂಬಗಳಿಗೂ ಕೊರೆತ ಮುಟ್ಟುತ್ತದೆ. ಮಣಿಯು ಉದುರಿಹೋದ ಪ್ರಸಂಗಗಳೂ ಇಲ್ಲದಿಲ್ಲ.

ಉರುಲು ಬೀಳುವ ಸ್ಥಾನವು ಮಣಿಯ ಬುಡದಲ್ಲಿರುವ ಕೊರಳು. ಮುಂದೊಗಲು ಇರುವ ಶಿಶುವಿನಲ್ಲಿ ಆ ಕೊರಳು ಮುಚ್ಚಿಕೊಂಡಿರುತ್ತದೆ. ಸುನ್ನತಿಯಾದ ಶಿಶುವಿನಲ್ಲಿ ತೆರೆದಿರುತ್ತದೆ. ಎಳೆಯು ಜಾರದೆ ನಿಲ್ಲುವುದಕ್ಕೆ ತಕ್ಕ ತೋಡು ಅದು. ಪ್ರಕಟವಾದ ಪ್ರಸಂಗಗಳಲ್ಲಿ ಬಹುತೇಕವು ಅಂಥ ಶಿಶುಗಳವು. ಇದರಿಂದ ಆ ಸಂಸ್ಕಾರಕ್ಕೆ ದೋಷ ಹೊರಿಸಬೇಕೆಂದು ನಾನು ಹೇಳುತ್ತಿಲ್ಲ. ಯಾವ ಮನೆಯಲ್ಲಿ ಹೆಚ್ಚು ಎಚ್ಚರ ಬೇಕೆಂಬುದನ್ನು ಮಾತ್ರ ಸೂಚಿಸುತ್ತಿದ್ದೇನೆ. ಕಾಲ್ಬೆರಳಿಗಾದರೋ ಈ ಭೇದವೇನೂ ಇಲ್ಲ.

ಈಗ ಪರಿವರ್ತಿಕೆಗೆ ಬರೋಣ. ಸುಶ್ರುತಸಂಹಿತೆಯ ನಿದಾನಸ್ಥಾನದ ಹದಿಮೂರನೆಯ ಅಧ್ಯಾಯದಲ್ಲಿ ಕ್ಷುದ್ರರೋಗಗಳ ನಡುವೆ ಪರಿವರ್ತಿಕಾ, ಅವಪಾಟಿಕಾ, ನಿರುದ್ಧಪ್ರಕಶ ಎಂಬ ಮೂರು ಮೇಢ್ರರೋಗಗಳು ಒಟ್ಟಾಗಿ ಬರುತ್ತವೆ. ತಿಕ್ಕುವುದರಿಂದಲೋ, ಒತ್ತುವುದರಿಂದಲೋ, ಪೆಟ್ಟಿನಿಂದಲೋ ಕೆರಳಿದ ವಾಯುವು ಮೇಢ್ರದ ಚರ್ಮವನ್ನು ಸೇರಿದಾಗ ಆ ಚರ್ಮವು ಹಿಂದಕ್ಕೆ ಮಗುಚಿ, ಮಣಿಯ ಕೆಳಗೆ ಗಂಟಿನಂತೆ ತೂಗುತ್ತದೆ. ನೋವು, ಉರಿ, ಕೆಲವೊಮ್ಮೆ ಪಾಕ ಇವು ಲಕ್ಷಣಗಳು. ಇದು ಪರಿವರ್ತಿಕೆ. ಚರ್ಮವು ಹರಿದರೆ ಅವಪಾಟಿಕೆ. ಚರ್ಮವು ಮಣಿಯನ್ನು ಮುಚ್ಚಿಕೊಂಡು ಮೂತ್ರದ ದಾರಿಯನ್ನು ಇಕ್ಕಟ್ಟಾಗಿಸಿದರೆ ನಿರುದ್ಧಪ್ರಕಶ. ಮೂರಕ್ಕೂ ಆಶ್ರಯವಾದದ್ದು ಮುಂದೊಗಲು. ಪರಿವರ್ತಿಕೆಯಲ್ಲಿ ಬಿಗಿಯುವ ಉಂಗುರವೂ ಆ ತೊಗಲೇ, ಬಿಗಿತಕ್ಕೆ ಸಿಕ್ಕಿ ಊದುವುದರಲ್ಲಿ ಒಂದು ಭಾಗವೂ ಆ ತೊಗಲೇ. ಕೂದಲಿನ ಉರುಲಿನಲ್ಲಾದರೋ ಬಿಗಿಯುವ ವಸ್ತು ಹೊರಗಿನಿಂದ ಬಂದದ್ದು. ಹಾಗಿರಲು, ಮುಂದೊಗಲೇ ಇಲ್ಲದ ಶಿಶುವಿನಲ್ಲಿ ಹೆಚ್ಚಾಗಿ ಕಾಣುವ ರೋಗವನ್ನು ಮುಂದೊಗಲು ಮಗುಚಿದ ರೋಗವೆಂದು ಕರೆಯುವುದು ಹೇಗೆ? ಮಗುಚಲು ಚರ್ಮವೆಲ್ಲಿದೆ? ಲಕ್ಷ್ಯದಲ್ಲಿ ಸಂಭವಿಸದ ಲಕ್ಷಣವನ್ನು ತರ್ಕಶಾಸ್ತ್ರವನ್ನು ಪ್ರಾರಂಭಿಸಿದ ಬಾಲಕನೂ ಒಪ್ಪಲಾರನು.

ಹೆಸರು ಏನಾದರೇನು ಎಂದು ಇಲ್ಲಿ ಯಾರಾದರೂ ಹೇಳಬಹುದು. ಆದರೆ ವೈದ್ಯದಲ್ಲಿ ಹೆಸರಿನ ಹಿಂದೆಯೇ ಚಿಕಿತ್ಸೆ ಬರುತ್ತದೆ. ಪರಿವರ್ತಿಕೆಗೆ ಚಿಕಿತ್ಸಾಸ್ಥಾನದ ಇಪ್ಪತ್ತನೆಯ ಅಧ್ಯಾಯದಲ್ಲಿ ಹೇಳಿರುವುದೇನು? ತುಪ್ಪವನ್ನು ಹಚ್ಚಿ, ಸ್ವೇದನ ಮಾಡಿ, ಮೂರು ಅಥವಾ ಐದು ರಾತ್ರಿ ವಾತಹರವಾದ ಬಿಸಿಲೇಪಗಳನ್ನು ಕಟ್ಟಿ, ಅನಂತರ ಮೆಲ್ಲನೆ ಚರ್ಮವನ್ನು ಮುಂದಕ್ಕೆ ತರಬೇಕು. ಆ ರೋಗಕ್ಕೆ ಅದು ವಿವೇಕಯುಕ್ತವಾದ ಕ್ರಮ. ಊತವನ್ನು ಇಳಿಸಿ ತೊಗಲನ್ನು ಸ್ವಸ್ಥಾನಕ್ಕೆ ತರುವುದೇ ಇಂದಿನವರಿಗೂ ಮೊದಲ ಉಪಾಯ, ಐದು ರಾತ್ರಿ ಕಾಯುವುದಿಲ್ಲ ಅಷ್ಟೆ. ಆದರೆ ಉರುಲನ್ನು ಪರಿವರ್ತಿಕೆಯೆಂದು ತಿಳಿದು ತುಪ್ಪ ಹಚ್ಚಿ ಬಿಸಿಲೇಪ ಕಟ್ಟಿ ಕುಳಿತರೆ ಐದು ರಾತ್ರಿಗಳಲ್ಲಿ ಮೂತ್ರನಾಳ ಉಳಿಯುತ್ತದೆಯೇ? ಇದು ಪಂಡಿತರ ಕಲ್ಪನೆಯ ಭಯವೆಂದು ತಿಳಿಯಬಾರದು. ಇಂದಿನ ಆಸ್ಪತ್ರೆಗಳಲ್ಲಿಯೂ ಇದನ್ನು ಪರಿವರ್ತಿಕೆಗೆ ಸಮಾನವಾದ ರೋಗವೆಂದೋ, ಮಣಿಯ ಉರಿಯೂತವೆಂದೋ, ಕೀಟ ಕಚ್ಚಿದ್ದೆಂದೋ ಭ್ರಮಿಸಿ ದಿನಗಳನ್ನು ಕಳೆದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ಪದೇಪದೇ ಬರುತ್ತವೆ.

ಹಾಗಾದರೆ ಸುಶ್ರುತನಿಗೆ ಈ ವಿಪತ್ತು ತಿಳಿದಿರಲಿಲ್ಲವೇ? ಅವನ ಸಂಹಿತೆಯಲ್ಲಿ ಇದಕ್ಕೆ ಪ್ರತ್ಯೇಕ ರೋಗವೆಂಬ ಗಣನೆಯಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಇದರ ಅಂಗಗಳು ಬಿಡಿಬಿಡಿಯಾಗಿ ಅಲ್ಲಿ ದೊರೆಯುತ್ತವೆ. ಸೂತ್ರಸ್ಥಾನದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಶಲ್ಯವನ್ನು ಶಾರೀರ, ಆಗಂತು ಎಂದು ಎರಡಾಗಿ ವಿಭಾಗಿಸಿ, ಶಾರೀರಶಲ್ಯದ ಮೊದಲ ಉದಾಹರಣೆಯಾಗಿ ರೋಮ ಮತ್ತು ನಖಗಳನ್ನೇ ಹೇಳಿದ್ದಾನೆ. ದೇಹದಿಂದಲೇ ಹುಟ್ಟಿದ ಕೂದಲು ದೇಹಕ್ಕೇ ಬಾಧಕವಾಗಬಲ್ಲದು ಎಂಬ ತತ್ತ್ವ ಇದು. ನಮ್ಮ ವಿಷಯದಲ್ಲಿ ಕೂದಲು ತಾಯಿಯದು, ಬಾಧೆ ಮಗುವಿನದು. ತಾಯಿಯ ದೃಷ್ಟಿಯಿಂದ ಶಾರೀರ, ಮಗುವಿನ ದೃಷ್ಟಿಯಿಂದ ಆಗಂತು. ಎರಡರಲ್ಲಿ ಯಾವುದರಲ್ಲಿ ಸೇರಿಸಬೇಕೆಂಬ ವಾದವನ್ನು ವಾದಪ್ರಿಯರಿಗೆ ಬಿಡುತ್ತೇನೆ. ಇಪ್ಪತ್ತೈದನೆಯ ಅಧ್ಯಾಯದಲ್ಲಿ ಗಾಯವನ್ನು ಹೊಲಿಯುವ ಎಳೆಗಳಲ್ಲಿ ಸೆಣಬು, ಸ್ನಾಯು ಮುಂತಾದವುಗಳೊಡನೆ ಕೂದಲೂ ಬರುತ್ತದೆ. ಇಪ್ಪತ್ತೇಳರಲ್ಲಿ ಗಂಟಲಲ್ಲಿ ಸಿಕ್ಕಿದ ಮೂಳೆಯನ್ನು ತೆಗೆಯಲು ಗಟ್ಟಿದಾರ ಕಟ್ಟಿದ ಕೂದಲುಂಡೆಯನ್ನು ನುಂಗಿಸುವ ವಿಚಿತ್ರೋಪಾಯವಿದೆ. ಕೂದಲಿನ ಬಲವನ್ನು ಅರಿಯದವರು ಅದನ್ನು ಇಂಥ ಕೆಲಸಗಳಿಗೆ ನಿಯೋಗಿಸುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ಷಾರಸೂತ್ರ. ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯದಲ್ಲಿ, ಕೃಶರು, ದುರ್ಬಲರು, ಭೀರುಗಳು ಇವರ ನಾಡೀವ್ರಣವನ್ನೂ, ಮರ್ಮವನ್ನು ಆಶ್ರಯಿಸಿದ ನಾಡೀವ್ರಣವನ್ನೂ ಶಸ್ತ್ರದಿಂದ ಕೊಯ್ಯದೆ ಕ್ಷಾರಸೂತ್ರದಿಂದ ಛೇದಿಸಬೇಕೆಂದು ಹೇಳಿದೆ. ದಾರವನ್ನು ನಾಡಿಯೊಳಗೆ ಹಾಯಿಸಿ ಎರಡು ತುದಿಗಳನ್ನೂ ಬಿಗಿದು ಗಂಟು ಹಾಕುವುದು. ಕಡಿಯದಿದ್ದರೆ ಇನ್ನೊಂದು ದಾರ. ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ಆ ದಾರಕ್ಕೆ ಕಳ್ಳಿಯ ಹಾಲನ್ನೂ ಅರಿಶಿನವನ್ನೂ ಲೇಪಿಸುವ ಕ್ರಮವನ್ನು ಹೇಳಿದನು. ಈ ಚಿಕಿತ್ಸೆಯ ರಹಸ್ಯವೇನೆಂದರೆ ದಾರವು ಮುಂದೆ ಕೊಯ್ಯುತ್ತ ಹೋದಂತೆ ಹಿಂದೆ ಮಾಂಸವು ಕೂಡುತ್ತ ಬರುತ್ತದೆ. ಕ್ಷಾರವೊಂದನ್ನು ಬಿಟ್ಟರೆ ಶಿಶುವಿನ ಅಂಗದಲ್ಲಿ ಕೂದಲು ಮಾಡುವ ಕೆಲಸವೂ ಅದೇ. ಮುಂದೆ ಕೊಯ್ಯುತ್ತದೆ, ಹಿಂದೆ ಎಳೆಯ ಚರ್ಮ ಬಹು ಬೇಗ ಕೂಡಿಕೊಂಡು ಅದನ್ನು ಮುಚ್ಚಿಬಿಡುತ್ತದೆ. ಎರಡು ಮೂರು ದಿನಗಳಾದ ಮೇಲೆ ನೋಡಿದವರಿಗೆ ಕಾಣುವುದು ಊದಿದ ಅಂಗ ಮತ್ತು ಒಂದು ಸುತ್ತುಗೆರೆ. ಎಳೆ ಎಲ್ಲಿಯೂ ಇಲ್ಲ. ‘ಕೂದಲಿದ್ದರೆ ಕಾಣಬೇಕಾಗಿತ್ತಲ್ಲ’ ಎಂಬ ಮಾತು ಎಷ್ಟೋ ಮಕ್ಕಳಿಗೆ ಅನರ್ಥವನ್ನು ತಂದಿದೆ. ಅನುಪಲಬ್ಧಿಯು ಪ್ರಮಾಣವಾಗಬೇಕಾದರೆ ವಸ್ತುವು ಕಾಣಲು ಯೋಗ್ಯವಾದ ಸ್ಥಿತಿಯಲ್ಲಿರಬೇಕೆಂದು ಮೀಮಾಂಸಕರು ಹೇಳುವರಷ್ಟೆ. ಚರ್ಮದ ಅಡಿಯಲ್ಲಿ ಹೂತುಹೋದ ಕೂದಲಿಗೆ ಆ ಯೋಗ್ಯತೆ ಇಲ್ಲ. ಸುತ್ತುಗೆರೆಯೇ ಇಲ್ಲಿ ಲಿಂಗ. ಅದರಿಂದ ಎಳೆಯನ್ನು ಅನುಮಾನಿಸಬೇಕು.

ಹೀಗೆ, ಕೂದಲು ಶಲ್ಯವಾಗಬಲ್ಲದೆಂಬುದು, ಬಿಗಿದರೆ ಅಂಗ ಊದುವುದೆಂಬುದು, ಬಿಗಿದ ಎಳೆಯು ಕ್ರಮೇಣ ಕಡಿಯುವುದೆಂಬುದು, ಈ ಮೂರೂ ಸುಶ್ರುತನಲ್ಲಿವೆ. ಮೂರನ್ನೂ ಕೂಡಿಸಿ ಒಂದು ರೋಗವೆಂದು ಹೇಳಿದ ವಾಕ್ಯ ಇಲ್ಲ. ಇಲ್ಲದ ವಾಕ್ಯವನ್ನು ಉಂಟೆಂದು ಸಾಧಿಸುವುದರಿಂದ ಆಚಾರ್ಯನ ಕೀರ್ತಿ ಹೆಚ್ಚುವುದಿಲ್ಲ. ಕ್ಷಾರಸೂತ್ರವನ್ನು ಕಂಡುಹಿಡಿದವನಿಗೆ ಪರರಿಂದ ಎರವಲು ತಂದ ಕೀರ್ತಿಯ ಅಗತ್ಯವೂ ಇಲ್ಲ.

ಮಾತು ಬಾರದ ಶಿಶುವಿನ ನೋವನ್ನು ತಿಳಿಯುವ ವಿಷಯದಲ್ಲಾದರೋ ಪ್ರಾಚೀನರ ಮಾತು ಇಂದಿಗೂ ಪೂರ್ಣ ಉಪಯುಕ್ತ. ಶಿಶುವು ತನಗೆ ನೋವಿರುವ ಅಂಗವನ್ನು ಮತ್ತೆಮತ್ತೆ ಮುಟ್ಟಿಕೊಳ್ಳುತ್ತದೆ, ಬೇರೆಯವರು ಮುಟ್ಟಿದರೆ ಅಳುತ್ತದೆ ಎಂದು ಸುಶ್ರುತನು ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಹೇಳಿ, ನೋವು ವಸ್ತಿಯಲ್ಲಿದ್ದರೆ ಮೂತ್ರ ಕಟ್ಟುವುದನ್ನು ಲಕ್ಷಣವಾಗಿ ಕೊಟ್ಟಿದ್ದಾನೆ. ಅಳುವಿನ ತೀಕ್ಷ್ಣತೆಯಿಂದಲೇ ನೋವಿನ ತೀಕ್ಷ್ಣತೆಯನ್ನು ಅಳೆಯಬೇಕೆಂಬುದು ಅಷ್ಟಾಂಗಹೃದಯದ ಉತ್ತರಸ್ಥಾನದ ಮಾತು. ಕಾಶ್ಯಪಸಂಹಿತೆಯಲ್ಲಿ ಇದಕ್ಕೆಂದೇ ವೇದನಾಧ್ಯಾಯವೆಂಬ ಪ್ರಕರಣವಿದೆ. ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಪ್ರವಾಹವೂ ಉಂಟು. ಸುಶ್ರುತನ ಉತ್ತರತಂತ್ರದಲ್ಲಿ ಇಪ್ಪತ್ತೇಳರಿಂದ ಮೂವತ್ತೇಳರವರೆಗಿನ ಅಧ್ಯಾಯಗಳು ಸ್ಕಂದ, ಶಕುನಿ, ಪೂತನಾ ಮೊದಲಾದ ಬಾಲಗ್ರಹಗಳಿಗೆ ಮೀಸಲು. ನಮ್ಮ ಕನ್ನಡದಲ್ಲಿಯೂ ಶಿಶುವೈದ್ಯಕ್ಕೆ ಸಂಬಂಧಿಸಿದ ದೇವೇಂದ್ರಮುನಿಯ ಗ್ರಂಥಕ್ಕೆ ‘ಬಾಲಗ್ರಹಚಿಕಿತ್ಸೆ’ ಎಂದೇ ಹೆಸರು. ಮಗು ಕಾರಣವಿಲ್ಲದೆ ಅಳುತ್ತಿದೆ ಎಂದಾಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಈ ಎರಡನೆಯ ಪ್ರವಾಹ. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವರು; ಹೊಟ್ಟೆನೋವೆಂದು ಬಜೆ ತೇದು ನೆಕ್ಕಿಸುವರು; ಹಲ್ಲು ಬರುತ್ತಿದೆಯೆಂದು ಸಮಾಧಾನ ಪಡುವರು. ದೃಷ್ಟಿ ತೆಗೆಯುವುದರಿಂದ ಕೇಡಿಲ್ಲ. ಆದರೆ ಅದಕ್ಕೆ ಮೊದಲು ಮಗುವಿನ ಬಟ್ಟೆ ತೆಗೆಯಬೇಕು. ಬೆಳಕಿನಲ್ಲಿ ಮಲಗಿಸಿ, ಹತ್ತು ಕಾಲ್ಬೆರಳುಗಳನ್ನೂ ಹತ್ತು ಕೈಬೆರಳುಗಳನ್ನೂ ಸಂದು ಬಿಡಿಸಿ ನೋಡಿ, ಗುಹ್ಯಾಂಗವನ್ನು ಸುತ್ತಲೂ ಪರೀಕ್ಷಿಸಬೇಕು. ಒಂದು ಅಂಗದ ತುದಿಯು ಮಾತ್ರ ಕೆಂಪಾಗಿಯೋ ನೀಲಿಯಾಗಿಯೋ ಊದಿ, ಅದರ ಬುಡ ಸಹಜವಾಗಿದ್ದು, ಎರಡರ ನಡುವೆ ಕೊಯ್ದಂತೆ ಗೆರೆಯಿದ್ದರೆ ಮುಂದಿನ ವಿಚಾರಕ್ಕೆ ಕುಳಿತುಕೊಳ್ಳಬಾರದು. ಎದ್ದು ಆಸ್ಪತ್ರೆಗೆ ಹೋಗಬೇಕು. ಮಗುವಿನ ಮಣಿಕಟ್ಟಿಗೂ ಸೊಂಟಕ್ಕೂ ಕಟ್ಟಿದ ಕರಿದಾರ, ಉಡುದಾರಗಳ ನೂಲು ಬಿಚ್ಚಿಕೊಂಡಿದೆಯೇ ಎಂಬುದನ್ನೂ ನೋಡುತ್ತಿರುವುದು ಒಳ್ಳೆಯದು.

ಚಿಕಿತ್ಸೆಯ ಸಾರವು ಒಂದೇ ಮಾತಿನಲ್ಲಿ ಅಡಗಿದೆ: ಎಳೆಯನ್ನು ಪೂರ್ಣವಾಗಿ ತೆಗೆಯುವುದು. ಊತ ಅಲ್ಪವಾಗಿದ್ದು ಎಳೆ ಕಾಣುತ್ತಿದ್ದರೆ ಮೊಂಡುತುದಿಯ ಏಷಣಿಯನ್ನು ಅದರ ಅಡಿ ಹಾಯಿಸಿ ಕತ್ತರಿಸಬಹುದು. ರೋಮನಾಶಕ ಲೇಪಗಳು ಕೂದಲನ್ನು ಕರಗಿಸುವುದರಿಂದ ಬೆರಳುಗಳಲ್ಲಿ, ಚರ್ಮ ಒಡೆಯದಿದ್ದಾಗ, ವೈದ್ಯರು ಅವನ್ನು ಉಪಯೋಗಿಸುವುದುಂಟು. ಗಾಯವಾದ ಕಡೆ ಅವು ಸಲ್ಲವು. ಶಿಶ್ನದಲ್ಲಿ ಎಳೆಯು ಆಳಕ್ಕೆ ಇಳಿದಿದ್ದರೆ ಅರಿವಳಿಕೆ ಕೊಟ್ಟು, ಶಸ್ತ್ರಗಾರದಲ್ಲಿ, ವರ್ಧಕ ಕನ್ನಡಿಯ ಸಹಾಯದಿಂದ ತೆಗೆಯತಕ್ಕದ್ದು. ಕೊಯ್ಯಬೇಕಾದಲ್ಲಿ ಎಳೆಗೆ ಅಡ್ಡಲಾಗಿ, ಮೇಲೆ ನರಧಮನಿಗಳನ್ನೂ ಕೆಳಗೆ ಮೂತ್ರನಾಳವನ್ನೂ ತಪ್ಪಿಸಿ, ಗಟ್ಟಿಕಂಬವೂ ಮೃದುಕಂಬವೂ ಸೇರುವ ಪಕ್ಕದ ಸ್ಥಾನದಲ್ಲಿ ಕೊಯ್ಯುವರು. ಗಡಿಯಾರದ ಮುಖವನ್ನು ಕಲ್ಪಿಸಿಕೊಂಡರೆ ನಾಲ್ಕು ಅಥವಾ ಎಂಟು ಗಂಟೆಯ ಸ್ಥಾನ ಅದು. ಬೆರಳಿಗಾದರೆ ಕ್ರಮ ತಿರುವುಮುರುವು: ಅಲ್ಲಿ ನರಧಮನಿಗಳು ಪಕ್ಕದಲ್ಲಿರುವುದರಿಂದ ಮೇಲಿನ ನಡುವಿನಲ್ಲಿ ಕೊಯ್ಯುವುದು ಕ್ಷೇಮ. ಸುತ್ತುಗಳು ಹಲವಿರುವುದರಿಂದ ಒಂದು ತುಂಡು ಬಂದಿತೆಂದು ಸಂತೋಷಪಟ್ಟು ಬಿಡಲಾಗದು. ಉಳಿದ ಒಂದು ಸುತ್ತು ಕೆಲಸವನ್ನು ಮುಂದುವರಿಸುತ್ತದೆ. ಮನೆಯಲ್ಲಿ ಸೂಜಿ, ಬ್ಲೇಡುಗಳಿಂದ ಕೆದಕುವ ಸಾಹಸವಂತೂ ಕೂಡದು. ಎಳೆ ಹೋದ ಮೇಲೆ ಊತ ಇಳಿದು ಅಂಗವು ಪೂರ್ವಸ್ಥಿತಿಗೆ ಬರುವುದು ಬೇಗ ಬಂದವರ ಭಾಗ್ಯ. ಆದರೂ ಕೆಲವು ದಿನ ಮಗು ಮೂತ್ರ ಮಾಡುವಾಗ ಧಾರೆ ತುದಿಯಿಂದಲೇ ಬರುತ್ತಿದೆಯೇ, ಕೆಳಗಿನಿಂದ ಸೋರುತ್ತಿದೆಯೇ ಎಂದು ನೋಡುತ್ತಿರಬೇಕು. ನಾಳಕ್ಕೆ ತೂತು ಬಿದ್ದಿದ್ದರೆ ಅದನ್ನು ಕೂಡಲೇ ಹೊಲಿಯದೆ, ಗಾಯವು ಮಾಗಿ ಮಾಂಸ ಮೃದುವಾದ ಮೇಲೆ, ತಿಂಗಳುಗಳ ಅನಂತರ ಸರಿಪಡಿಸುವುದು ರೂಢಿ.

ಇನ್ನು ಹೆಸರು. ಸಂಸ್ಕೃತದಲ್ಲಿ ಹೊಸದಾಗಿ ಸೃಷ್ಟಿಸುವುದಾದರೆ ‘ಕೇಶಪಾಶ’ ಎಂಬುದು ಅಕ್ಷರಶಃ ಸರಿಯಾದ ಪದ. ಕೇಶದ ಪಾಶ, ಕೂದಲಿನ ಕುಣಿಕೆ. ಆದರೆ ಕಚವಾಚಕ ಶಬ್ದದ ಮುಂದೆ ಬಂದ ಪಾಶವು ಸಮೂಹವನ್ನು ಹೇಳುವುದೆಂದು ಅಮರಸಿಂಹನು ನಿಯಮಿಸಿಬಿಟ್ಟಿದ್ದಾನೆ. ಕೇಶಪಾಶವೆಂದ ಕೂಡಲೇ ನಮ್ಮ ವಿದ್ಯಾರ್ಥಿಗಳಿಗೆ ನಾಯಿಕೆಯ ಹೆರಳು ನೆನಪಾಗುವುದೇ ಹೊರತು ಶಿಶುವಿನ ಸಂಕಟ ನೆನಪಾಗದು. ‘ಕೇಶಬಂಧ’ವೂ ತುರುಬಿಗೆ ಸಂದುಹೋದ ಶಬ್ದ, ನಾಟ್ಯಶಾಸ್ತ್ರದಲ್ಲಿ ನೃತ್ತಹಸ್ತವೊಂದಕ್ಕೂ ಅದೇ ಹೆಸರಿದೆ. ಶೃಂಗಾರವು ಆಕ್ರಮಿಸಿಕೊಂಡ ಪದಗಳನ್ನು ಆಸ್ಪತ್ರೆಗೆ ಕರೆತರುವುದು ಕಷ್ಟ.

ಕನ್ನಡದಲ್ಲಿ ಈ ತೊಡಕಿಲ್ಲ. ಕೂದಲು, ಉರುಲು ಎಂಬ ಎರಡು ಪದಗಳನ್ನು ಸೇರಿಸಿ ಲೋಪಸಂಧಿಯಿಂದ ‘ಕೂದಲುರುಲು’ ಎಂದರೆ ಓದು ಬಾರದ ಅಜ್ಜಿಗೂ ಅರ್ಥವಾಗುತ್ತದೆ. ಏನನ್ನು ಹುಡುಕಬೇಕೆಂಬುದೂ ಹೆಸರಿನಲ್ಲಿಯೇ ಇದೆ. ಬರೆಯುವಾಗ ಕೊನೆಯ ಅಕ್ಷರವನ್ನು ಮಾತ್ರ ಎಚ್ಚರದಿಂದ ಬರೆಯಬೇಕು; ಉರುಲು ಕುಣಿಕೆ, ಉರುಳು ಹೊರಳಾಟ, ಈ ಭೇದ ಈಚಿನ ಬರವಣಿಗೆಯಲ್ಲಿ ಅಳಿಯುತ್ತಿದೆ. ಕೂದಲು, ನೂಲು ಎರಡಕ್ಕೂ ಸಾಧಾರಣವಾದ ‘ಎಳೆಯುರುಲು’ ಎಂಬ ಪದವನ್ನು ನನ್ನ ವಿದ್ಯಾರ್ಥಿಯೊಬ್ಬನು ಸೂಚಿಸಿದನು. ಎಳೆ ಎಂದರೆ ತಂತುವೂ ಹೌದು, ಎಳೆಯ ಪ್ರಾಯವೂ ಹೌದು, ಶ್ಲೇಷೆ ಸೊಗಸಾಗಿದೆ. ಆದರೆ ಇಲ್ಲಿ ಎರಡನ್ನು ಒಂದೇ ಪದದಲ್ಲಿ ಮುಚ್ಚುವುದಕ್ಕಿಂತ ಕೂದಲುರುಲು, ನೂಲುರುಲು ಎಂದು ಬೇರೆಬೇರೆಯಾಗಿ ಹೇಳುವುದೇ ಲೇಸು. ರೋಮನಾಶಕ ಲೇಪಕ್ಕೆ ಕರಗುವುದು ಕೂದಲು; ಹತ್ತಿಯ ನೂಲು ಅದಕ್ಕೆ ಜಗ್ಗದು, ಅದನ್ನು ಕತ್ತರಿಸಿಯೇ ತೆಗೆಯಬೇಕು.